ಮುಚ್ಚಿದ ಪುಸ್ತಕದ ಫೋಟೋಗಳು

ಪುಸ್ತಕ ಓದುತ್ತಿರುವವರ ಹಳೆಯ ಫೋಟೋಗಳನ್ನು ಕೂಡಿಹಾಕುವ ಹವ್ಯಾಸ ಹಲವು ದೇಶಗಳಲ್ಲಿದೆ. ಗುಜರಿಯಲ್ಲಿ, ಸಂತೆಯಲ್ಲಿ ಸಿಕ್ಕ ಹೆಸರಿಲ್ಲದ ಚಿತ್ರಗಳನ್ನು ಕೊಂಡು ಆಲ್ಬಂ ಮಾಡುತ್ತಾರೆ. ಆಂಡ್ರೆ ಕರ್ಟೆಸ್ ಎಂಬ ಫೋಟೋಗ್ರಾಫರ್ ದಶಕಗಳ ಕಾಲ ಓದುವವರ ಚಿತ್ರ ತೆಗೆದು 1971ರಲ್ಲಿ ಪುಸ್ತಕವನ್ನೇ ತಂದ. ನೋಡಲು ಚೆಂದವೇ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಈ ಕೆಲಸಕ್ಕೆ ಇಳಿದ ನನಗೆ, ಯಾರ ಮನೆಯಲ್ಲಿ ಓದು ಇತ್ತು ಅನ್ನುವುದಕ್ಕಿಂತ ಮೊದಲು ಯಾರ ಮನೆಯಲ್ಲಿ ಕ್ಯಾಮೆರಾ ಇತ್ತು ಅನ್ನುವ ಪ್ರಶ್ನೆಯೇ ಎದುರಾಯಿತು.

1900ರಲ್ಲಿ ಕೊಡಾಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಕ್ಯಾಮೆರಾ ಮಾರತೊಡಗಿದಾಗ ಫೋಟೋ ತೆಗೆಯುವುದು ಅಲ್ಲಿನ ಸಾಮಾನ್ಯರ ಕೈಗೂ ಬಂತು. ನಮ್ಮಲ್ಲಿ ಆ ಪಾತ್ರ ವಹಿಸಿದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ಥ್ರೀ. ಒಂದು ರೋಲಿಗೆ 12 ಚಿತ್ರ. ಆ ರೋಲು, ತೊಳೆಸುವುದು, ಪ್ರಿಂಟು ಇವಕ್ಕೆಲ್ಲ ದುಡ್ಡು ಹೊಂದುತ್ತಿದ್ದುದು ಸಂಬಳದ ಮನೆಗಳಿಗೆ, ತೋಟದ ಮನೆಗಳಿಗೆ. ಅಂಥ ಆಲ್ಬಂಗಳಲ್ಲಿ ಆರಾಮ ಕುರ್ಚಿಯಲ್ಲಿ ಓದುತ್ತಿರುವವನು ತಲೆ ಎತ್ತುವುದೇ ಇಲ್ಲ. ಅವನ ಓದು ಎಷ್ಟು ಸಹಜ ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ಸಹಜವಾಗಿದ್ದದ್ದು ಆ ಮನೆಯೊಳಗೆ ಕ್ಯಾಮೆರಾ ಓಡಾಡುತ್ತಿದ್ದುದು.

ಕೇರಿಯ ಮನೆಗಳಲ್ಲಿ ನಾನು ಕಂಡ ಫೋಟೋಗಳು ಬೇರೆ. ಹೆಚ್ಚಿನವು ಸ್ಟುಡಿಯೋದವು, ಇಲ್ಲವೇ ಹಾಸ್ಟೆಲಿನ ಗ್ರೂಪ್ ಫೋಟೋಗಳು. ಇಸ್ತ್ರಿ ಮಾಡಿದ ಅಂಗಿ, ನೆಟ್ಟ ನೋಟ, ಎದೆಗೆ ಒತ್ತಿ ಹಿಡಿದ ಪುಸ್ತಕ. ಪುಸ್ತಕ ಮುಚ್ಚಿದೆ. 'ಇದು ಓದೋದಲ್ಲ, ಬರೀ ಪೋಸು' ಅಂತ ಯಾರಾದರೂ ಹೇಳಬಹುದು. ಹೂದಾನಿ, ಮೇಜು, ದಪ್ಪ ಪುಸ್ತಕ ಇವು ಹತ್ತೊಂಬತ್ತನೇ ಶತಮಾನದಿಂದಲೂ ಸ್ಟುಡಿಯೋ ಸಾಮಾನುಗಳೇ ಹೌದು. ಹಾಗಾಗಿ ಹವ್ಯಾಸಿಗಳು ಇಂಥವನ್ನು ಪಕ್ಕಕ್ಕಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದಕ್ಕೆ ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ತರೀಕೆರೆಗೆ ಹತ್ತಿರದ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಇದರ ಬೆನ್ನಿಗೇ. ಯಾವುದು ಸಾಹಿತ್ಯ, ಯಾರು ಓದುಗ ಅನ್ನುವ ಜಗಳ ಬೀದಿಗೆ ಬಂದಿದ್ದ ಕಾಲದಲ್ಲಿ ಹಾಸ್ಟೆಲಿನ ಹುಡುಗ ಎದೆಗೊತ್ತಿ ಹಿಡಿದ ಪುಸ್ತಕವನ್ನು ಬರೀ ಸ್ಟುಡಿಯೋ ಸಾಮಾನು ಅನ್ನಲಾದೀತೆ? ಪ್ರತಿ ಫೋಟೋವೂ ಚಳವಳಿಯದ್ದು ಅಂತ ನಾನು ಹೇಳುತ್ತಿಲ್ಲ. ಪೋಸಿನಲ್ಲೂ ಒಂದು ಹಕ್ಕಿನ ಮಾತು ಇರುತ್ತದೆ ಅನ್ನುವುದಷ್ಟೇ ನನ್ನ ವಾದ. ಊರೂರಿನ ಅಂಬೇಡ್ಕರ್ ಪ್ರತಿಮೆಯ ಕೈಯಲ್ಲಿರುವುದೂ ಮುಚ್ಚಿದ ಪುಸ್ತಕವೇ. ಅದನ್ನು ನೋಡಿ ಬಾಬಾಸಾಹೇಬರು ಓದುತ್ತಿಲ್ಲ ಅಂತ ಯಾರೂ ಅನ್ನುವುದಿಲ್ಲ.

ಫೋಟೋ ಇಲ್ಲದ ಓದೂ ಇದೆ. ಒಬ್ಬರು ಓದಿ ಹೇಳಿದ್ದನ್ನು ಸುತ್ತ ಕೂತು ಕೇಳಿದವರು, ಅಕ್ಷರ ಬಾರದಿದ್ದರೂ ಮಕ್ಕಳ ಪುಸ್ತಕಗಳನ್ನು ಟ್ರಂಕಿನಲ್ಲಿ ಕಾದಿಟ್ಟ ತಾಯಂದಿರು ಯಾವ ಆಲ್ಬಮ್ಮಿನಲ್ಲೂ ಸಿಗುವುದಿಲ್ಲ. ಚಿತ್ರ ಸಿಗಲಿಲ್ಲ ಅಂದಮಾತ್ರಕ್ಕೆ ಅಲ್ಲಿ ಓದೇ ಇರಲಿಲ್ಲ ಅಂತ ಬರೆದರೆ, ಕ್ಯಾಮೆರಾ ಇದ್ದವರ ಚರಿತ್ರೆಯನ್ನೇ ಎಲ್ಲರ ಚರಿತ್ರೆ ಅಂತ ಒಪ್ಪಿಕೊಂಡಂತೆ.

ಆದ್ದರಿಂದ ನಾನು ಫೋಟೋ ಕೊಳ್ಳುವುದಿಲ್ಲ. ಪ್ರತಿ ಮಾಡಿಕೊಂಡು ಮೂಲವನ್ನು ಮನೆಯವರಿಗೇ ಕೊಟ್ಟುಬಿಡುತ್ತೇನೆ. ಹಿಂಬದಿಯ ಸ್ಟುಡಿಯೋ ಮೊಹರು, ಅಂಚಿನ ಬಿಳಿ ಪಟ್ಟಿ, ಪುಸ್ತಕದ ರಟ್ಟು ಇವುಗಳಿಂದ ಕಾಲ ಊಹಿಸಬಹುದು, ಹೆಸರನ್ನು ಊಹಿಸಲಾಗದು. ಅದನ್ನು ಮನೆಯ ಹಿರಿಯರನ್ನೇ ಕೇಳಬೇಕು, ಅವರು ಒಪ್ಪಿದರೆ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆದಿಡಬೇಕು. ಅಂಟಿನ ಹಾಳೆಯ ಆಲ್ಬಮ್ಮುಗಳಿಂದ ಫೋಟೋ ಬಿಡಿಸಿ ಕಾಗದದ ಲಕೋಟೆಗೆ ಹಾಕಬೇಕು. ಈ ಕೆಲಸಕ್ಕೆ ದೊಡ್ಡ ಸಂಸ್ಥೆ ಬೇಡ. ಒಂದು ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು ಸಾಕು.

ಶತಮಾನಗಳ ಕಾಲ ಜಾತಿಯಿಂದ ಮಾತ್ರ ಕರೆಸಿಕೊಂಡವರು ತಮ್ಮ ಹೆಸರಿನಲ್ಲಿ, ಕೈಯಲ್ಲಿ ಪುಸ್ತಕ ಹಿಡಿದು ನಿಂತ ಚಿತ್ರ ಇದು. ಅದನ್ನು ಸಂತೆಯಲ್ಲಿ 'ಅನಾಮಿಕ ಓದುಗ' ಅಂತ ಮಾರುವ ಹೊತ್ತಿಗೆ ಮೊದಲು ಹೋಗುವುದು ಆ ಹೆಸರು. ಹಿರಿಯರು ಇರುವಾಗಲೇ ಅದನ್ನು ಕೇಳಿ ಬರೆದಿಡೋಣ.