ವಾಮದಪದವಿನ ಕೊನೆಯ ಅಕ್ಷರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ - ಈ ಮೂರು ಪೇಟೆಗಳ ನಡುವೆ ವಾಮದಪದವು ಎಂಬ ಊರು ಉಂಟು. ಪದವು ಎಂದರೆ ತುಳುವಿನಲ್ಲಿ ಎತ್ತರದ ಮೇಲಿನ ಸಮತಟ್ಟಾದ ನೆಲ. ಬೈಲು, ಮಜಲು, ಬೆಟ್ಟುಗಳಂತೆ ನಮ್ಮ ಸೀಮೆಯ ನೆಲವನ್ನು ಅಳೆಯುವ ಮಾತುಗಳಲ್ಲಿ ಅದೂ ಒಂದು. ಊರಿನ ಸ್ಥಳಪುರಾಣವನ್ನು ಬರೆಯುವುದು ಈಗ ನನ್ನ ಉದ್ದೇಶವಲ್ಲ. ಆ ಹೆಸರಿನ ಕೊನೆಯಲ್ಲಿರುವ 'ವು' ಎಂಬ ಒಂದೇ ಒಂದು ಅಕ್ಷರ ಗಣಕಯಂತ್ರದ ತೆರೆಯ ಮೇಲೆ ನೆಟ್ಟಗೆ ಮೂಡಬೇಕಾದರೆ ಎಷ್ಟು ಜನರ ಎಷ್ಟು ಸಣ್ಣ ಸಣ್ಣ ತಿದ್ದುಪಡಿಗಳು ಬೇಕಾದುವು ಎಂಬುದಷ್ಟೇ ಇಲ್ಲಿಯ ಕಥೆ.

ಓದುಗರು ಒಂದು ಕಾಗದದ ಮೇಲೆ 'ವ' ಎಂದು ಬರೆದು, 'ಕು', 'ದು'ಗಳಿಗೆ ಹಚ್ಚುವಂತೆ ಅದರ ಬಲಮಗ್ಗುಲಿಗೆ ಕೊಂಬನ್ನು ಹಚ್ಚಿ ನೋಡಲಿ. ಅದು 'ವು' ಆಗುವುದಿಲ್ಲ. ಹೆಚ್ಚುಕಡಿಮೆ 'ಮ' ಆಗುತ್ತದೆ. ಪದವು ಹೋಗಿ ಪದಮ ಆಗುತ್ತದೆ! ಆದುದರಿಂದಲೇ ಪ, ಫ, ವ ಎಂಬ ಮೂರು ಅಕ್ಷರಗಳಿಗೆ ಮಾತ್ರ ಕೊಂಬನ್ನು ಕೆಳಗಿಳಿಸಿ ಬರೆಯುವ ಪದ್ಧತಿ ನಮ್ಮಲ್ಲಿ ಬಂದಿದೆ. ಕೈಬರಹದಲ್ಲಿ ಇದು ಏನೂ ತೊಡಕಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಾಗ ಬರೆದ ಕೈ ಹೇಗೆ ತಿರುಗಿತೋ ಹಾಗೆಯೇ ಅಕ್ಷರ ಮೂಡಿತು. ಅನಂತರ ಸೀಸದ ಮೊಳೆಗಳು ಬಂದುವು. ಮೊಳೆ ಜೋಡಿಸುವವನ ಕಣ್ಣು ಇದನ್ನು ನೋಡಿಕೊಂಡಿತು. ಯಂತ್ರಕ್ಕೆ ಕಣ್ಣೂ ಇಲ್ಲ, ರೂಢಿಯೂ ಇಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆಗಳು ಮಾತ್ರ.

ಮೊದಮೊದಲು ಕನ್ನಡವನ್ನು ಗಣಕಕ್ಕೆ ಇಳಿಸಿದವರು ಅಕ್ಷರದ ತುಂಡುಗಳಿಗೆ ಒಂದೊಂದು ಸಂಖ್ಯೆ ಕೊಟ್ಟರು: ತಲೆಕಟ್ಟಿಗೆ ಒಂದು, ಕೊಂಬಿಗೆ ಒಂದು, ಇಳಿಸಿದ ಕೊಂಬಿಗೆ ಇನ್ನೊಂದು. ಒಂದು ತಂತ್ರಾಂಶದ ಸಂಖ್ಯೆಗಳು ಇನ್ನೊಂದಕ್ಕೆ ತಿಳಿಯವು. ಒಂದರಲ್ಲಿ ಬರೆದ ಕಾಗದವನ್ನು ಇನ್ನೊಂದರಲ್ಲಿ ತೆರೆದರೆ ರೋಮನ್ ಅಕ್ಷರಗಳ ಮುಳ್ಳುಪೊದೆ ಕಾಣುತ್ತಿತ್ತು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಈ ವಿಷಯವನ್ನು ಬೇರೆ ಬದಿಯಿಂದ ನೋಡಿದರು. ಬರೆಯುವವನು ಒತ್ತಬೇಕಾದುದು ಆಕಾರವನ್ನಲ್ಲ, ಧ್ವನಿಯನ್ನು. ವಕಾರವನ್ನೂ ಉಕಾರವನ್ನೂ ಕೊಟ್ಟರೆ ಸಾಕು, ಅವನ್ನು ಕೂಡಿಸಿ ಬರೆಯುವ ಕೆಲಸ ಯಂತ್ರದ್ದು. ಅವರ ಕೀಲಿಮಣೆಯ ಈ ತತ್ತ್ವವೇ ಮುಂದೆ 'ನುಡಿ'ಯಲ್ಲಿ ಮನೆಮಾತಾಯಿತು. ನಮ್ಮ ಪಕ್ಕದ ಊರಿನವರೆಂಬ ಅಭಿಮಾನದಿಂದ ಇದನ್ನು ಹೇಳುತ್ತಿದ್ದೇನೆಂದು ಯಾರಾದರೂ ಆಕ್ಷೇಪಿಸಿದರೆ ನಾನು ಅಲ್ಲಗಳೆಯುವುದಿಲ್ಲ.

1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತಾವಳಿಯ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡವೂ ಇತ್ತು. ವಕಾರಕ್ಕೆ ಒಂದು ಸಂಖ್ಯೆ, ಉಕಾರದ ಕೊಂಬಿಗೆ ಒಂದು ಸಂಖ್ಯೆ, ಅಷ್ಟೆ. ಕೊಂಬು ಪಕ್ಕಕ್ಕೆ ಹೋಗಬೇಕೋ ಕೆಳಗಿಳಿಯಬೇಕೋ ಎಂಬ ತೀರ್ಮಾನ ಅಕ್ಷರರೂಪದ, ಅಂದರೆ ಫಾಂಟಿನ, ಪಾಲಿಗೆ ಬಂತು. ಹೀಗೆ ಬೇರ್ಪಡಿಸಿದುದರ ಲಾಭ ದೊಡ್ಡದು. ಫಾಂಟಿನಲ್ಲಿ 'ವು' ಕೆಟ್ಟಿದ್ದರೆ ಫಾಂಟನ್ನು ತಿದ್ದಿದರಾಯಿತು. ಬರೆದಿಟ್ಟ ಲಕ್ಷಾಂತರ ಪುಟಗಳಲ್ಲಿ ಒಂದನ್ನೂ ಮುಟ್ಟಬೇಕಾಗಿಲ್ಲ.

ಆದರೆ ಎಲ್ಲ ತಪ್ಪುಗಳಿಗೂ ಈ ಭಾಗ್ಯವಿಲ್ಲ. ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವಿತ್ತಷ್ಟೆ? ಯೂನಿಕೋಡಿನ ಪಟ್ಟಿಯಲ್ಲಿ ಅದಕ್ಕೆ ಯಾರೋ ತಪ್ಪು ತಿಳಿದು 'ಕನ್ನಡ ಲೆಟರ್ ಫಾ' ಎಂದು ನಾಮಕರಣ ಮಾಡಿಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ಕಟ್ಟಳೆ; ಯಾಕೆಂದರೆ ಲೋಕದ ಎಷ್ಟೋ ಯಂತ್ರಗಳು ಆ ಹೆಸರನ್ನು ನಂಬಿಕೊಂಡಿರುತ್ತವೆ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದ ಉಪನಾಮವನ್ನು ಬರೆದಿದ್ದಾರೆ. ಅಳಿಸುವುದು ಸಾಧ್ಯವಿಲ್ಲ, ಸೇರಿಸುವುದು ಮಾತ್ರ ಸಾಧ್ಯ. ಅವಗ್ರಹ 2003ರಲ್ಲಿ ಸೇರಿತು. ಜಿಹ್ವಾಮೂಲೀಯ, ಉಪಧ್ಮಾನೀಯಗಳು 2006ರಲ್ಲಿ ಸೇರಿದುವು. ಹಳೆಯ ನಕಾರಪೊಲ್ಲು 2021ರಲ್ಲಿ. ಶಾಸನ ಓದುವವರು ಒಂದೊಂದು ಅಕ್ಷರಕ್ಕೂ ಅರ್ಜಿ ಬರೆದು ವರ್ಷಗಟ್ಟಲೆ ಕಾಯಬೇಕು.

ಕನ್ನಡ ವಿಕಿಪೀಡಿಯ ಆರಂಭವಾದುದು 2003ರ ಜೂನಿನಲ್ಲಿ. ನಾನು ಅದರೊಳಗೆ ಕಾಲಿಟ್ಟುದು ಎಷ್ಟೋ ವರ್ಷಗಳ ಮೇಲೆ, ಯಾವುದೋ ಪುಟದಲ್ಲಿ ನಮ್ಮ ಕಡೆಯ ಊರಿನ ಹೆಸರೊಂದು ತಪ್ಪಾಗಿರುವುದನ್ನು ಕಂಡು. ಒಂದು ಅಕ್ಷರ ಸೇರಿಸಿ ಉಳಿಸಿದೆ. ಆಮೇಲೆ ಕುತೂಹಲದಿಂದ 'ಇತಿಹಾಸ' ಎಂಬ ಗುಂಡಿಯನ್ನು ಒತ್ತಿದಾಗ ನನ್ನ ಆ ಕಿರಿದಾದ ತಿದ್ದುಪಡಿ ದಿನಾಂಕ, ಗಳಿಗೆ ಸಮೇತ ಅಲ್ಲಿ ದಾಖಲಾಗಿತ್ತು. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ '+3'. ಕೂಡಿಸಿದುದು ಒಂದಕ್ಷರ, ಲೆಕ್ಕ ಮಾತ್ರ ಮೂರು! ಕನ್ನಡದ ಒಂದೊಂದು ಸಂಕೇತವೂ ಅಲ್ಲಿ ಮೂರು ಬೈಟುಗಳ ಜಾಗ ಹಿಡಿಯುತ್ತದೆಂದು ಅನಂತರ ತಿಳಿಯಿತು. ವಾಮದಪದವು ಎಂಬ ಹೆಸರಿಗೆ ಕನ್ನಡದಲ್ಲಿ 24 ಬೈಟು. ರೋಮನ್ ಅಕ್ಷರಗಳಲ್ಲಿ ಬರೆದರೆ 12.

ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಳಾ ಗ್ರಂಥಗಳ ತಾಳೆಗರಿಗಳ ನೆನಪು ನನಗೆ ಆಗ ಬಂತು. ಓಲೆಯಿಂದ ಓಲೆಗೆ ನಕಲು ಮಾಡಿದ ಲಿಪಿಕಾರರು ಎಲ್ಲೆಲ್ಲಿ ತಿದ್ದಿದರು, ಎಲ್ಲೆಲ್ಲಿ ತಪ್ಪಿದರು ಎಂಬುದನ್ನು ವಿದ್ವಾಂಸರು ಪಾಠಾಂತರಗಳನ್ನು ಹೋಲಿಸಿ ಊಹಿಸಬೇಕು. ಇಲ್ಲಿ ಊಹೆಯೇ ಬೇಡ. ಹಳೆಯ ಪಾಠ ಎಡಗಡೆ, ಹೊಸ ಪಾಠ ಬಲಗಡೆ. ವ್ಯತ್ಯಾಸ ಎದ್ದು ಕಾಣುತ್ತದೆ. ಕಿಡಿಗೇಡಿಯೊಬ್ಬನು ಕೆಡಿಸಿದರೆ ಒಂದು ಗುಂಡಿಯಿಂದ ಹಿಂದಿನ ಸ್ಥಿತಿಗೆ ತರಬಹುದು.

ಇಷ್ಟರವರೆಗೆ ಹೇಳಿದುದು ಲೇಖನಗಳ ಮಾತು. ಅವನ್ನು ಹೊತ್ತು ನಿಂತ ಕಟ್ಟಡವೂ ಹೀಗೆಯೇ ಕಟ್ಟಿದುದು. 2001ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಹುಟ್ಟಿದಾಗ ಅದು ಓಡುತ್ತಿದ್ದುದು ಯೂಸ್‌ಮಾಡ್ ಎಂಬ ಪುಟ್ಟ ಕ್ರಮವಿಧಿಯ ಮೇಲೆ. ಜನ ಹೆಚ್ಚಿದಂತೆ ಅದು ಏದುಸಿರು ಬಿಟ್ಟಿತು. ಜರ್ಮನಿಯ ಮಾಗ್ನುಸ್ ಮಾನ್‌ಸ್ಕೆ ಹೊಸದೊಂದನ್ನು ಬರೆದನು. 2002ರ ಜನವರಿ 25ರಂದು ಅದು ಬಳಕೆಗೆ ಬಂತು. ಆರು ತಿಂಗಳೊಳಗೆ ಅದಕ್ಕೂ ಭಾರ ತಾಳಲಾರದಾಯಿತು. ಆ ವರ್ಷದ ಜುಲೈಯಲ್ಲಿ ಲೀ ಡೇನಿಯಲ್ ಕ್ರಾಕರ್ ಎಂಬವನು ಮತ್ತೆ ಬರೆದ ರೂಪವೇ ಇಂದಿನ ಮೀಡಿಯಾವಿಕಿಯ ಬುನಾದಿ. ಅದರ ಮೇಲೆ ಇಡಿಯಾಗಿ ಕೆಡವಿ ಕಟ್ಟಿದುದಿಲ್ಲ. ಕಲ್ಲಿಗೆ ಕಲ್ಲು ಬದಲಿಸುತ್ತ ಬಂದಿದ್ದಾರೆ, ಮನೆಯವರು ಒಳಗೆ ಉಣ್ಣುತ್ತಿರುವಾಗಲೇ!

ಈ ಮನೆಯಲ್ಲಿ ಒಂದಕ್ಕೊಂದು ಎದುರಾದ ಎರಡು ಕಟ್ಟಳೆಗಳಿರುವುದು ನನಗೆ ಬಹಳ ಸೋಜಿಗವೆನಿಸಿದೆ. ಲೇಖನವನ್ನಾದರೆ ಯಾರು ಬೇಕಾದರೂ ತಿದ್ದಬಹುದು, ತಿದ್ದಿದುದು ಆ ಕ್ಷಣವೇ ಲೋಕಕ್ಕೆ ಕಾಣುತ್ತದೆ, ಪರೀಕ್ಷೆ ಆಮೇಲೆ. ಕ್ರಮವಿಧಿಗೆ ಹಾಗಲ್ಲ. ಒಬ್ಬನು ಬರೆದ ನಾಲ್ಕು ಸಾಲನ್ನು ಇನ್ನೊಬ್ಬನು ಓದಿ ಒಪ್ಪದ ಹೊರತು ಅದು ಒಳಗೆ ಹೋಗುವಂತಿಲ್ಲ. ಇದಕ್ಕಾಗಿ 2012ರಲ್ಲಿ ಗೆರಿಟ್ ಎಂಬ ಪರಿಶೀಲನೆಯ ಚಾವಡಿಯನ್ನು ಅಂತರಜಾಲದಲ್ಲಿಯೇ ಏರ್ಪಡಿಸಿದರು. ಒಪ್ಪಿಗೆ ಪಡೆದ ತಿದ್ದುಪಡಿಗಳು ವಾರಕ್ಕೊಮ್ಮೆ ಹೊರಡುತ್ತವೆ. ಆ ಕ್ರಮಕ್ಕೆ ಅವರು 'ರೈಲು' ಎನ್ನುತ್ತಾರೆ. (ವಾಮದಪದವಿಗೆ ರೈಲಿಲ್ಲ, ಬಂಟ್ವಾಳಕ್ಕೆ ಹೋಗಬೇಕು, ಈ ರೈಲು ಮಾತ್ರ ಬರುತ್ತದೆ.) ಮಂಗಳವಾರ ಪರೀಕ್ಷೆಯ ತಾಣಗಳಿಗೆ, ಬುಧವಾರ ಇನ್ನಷ್ಟು ತಾಣಗಳಿಗೆ, ಗುರುವಾರ ಉಳಿದ ವಿಕಿಪೀಡಿಯಗಳಿಗೆ. ಪ್ರತಿಯೊಂದು ನಿಲ್ದಾಣದಲ್ಲಿಯೂ ದೋಷಗಳ ದಾಖಲೆಯ ಮೇಲೆ ಕಣ್ಣಿಟ್ಟು ಕಾಯುತ್ತಾರೆ. ಗೆರೆ ಸಟ್ಟನೆ ಮೇಲೇರಿತೋ, ರೈಲನ್ನು ಹಿಂದಕ್ಕೆ ಬಿಡುತ್ತಾರೆ.

ಗೆರೆ ಎಂದೆನಲ್ಲ, ಕಥೆಯ ತೊಡಕು ಇರುವುದು ಅಲ್ಲಿಯೇ. ಪುಟ ತೆರೆಯಲು ಎಷ್ಟು ಹೊತ್ತು, ಉಳಿಸಲು ಎಷ್ಟು ಹೊತ್ತು ಎಂಬುದನ್ನು ಕೆಲವು ಓದುಗರ ಯಂತ್ರಗಳಿಂದಲೇ ಆಯ್ದು ತಂದು ನಕ್ಷೆ ಬರೆಯುತ್ತಾರೆ. ಈ ಅಳತೆಯಿಂದ ಆದ ಉಪಕಾರ ಸಣ್ಣದಲ್ಲ. 2014ರ ಕೊನೆಯಲ್ಲಿ ಸರ್ವರುಗಳಲ್ಲಿ ಪಿಎಚ್‌ಪಿ ಭಾಷೆಯನ್ನು ಓಡಿಸುವ ಎಂಜಿನನ್ನು ಬದಲಿಸಿದಾಗ ಪುಟ ಉಳಿಸುವ ಸರಾಸರಿ ಹೊತ್ತು ಅರ್ಧಕ್ಕಿಳಿಯಿತು. ನಮ್ಮ ಕಡೆಯಂಥ ನಿಧಾನದ ಸಂಪರ್ಕದಲ್ಲಿ ಗುಂಡಿ ಒತ್ತಿ ಚಾ ಕುಡಿಯಲು ಎದ್ದುಹೋಗುತ್ತಿದ್ದವರಿಗೆ ಅದರ ಬೆಲೆ ಗೊತ್ತು. ಆದರೆ ಸರಾಸರಿಯೆಂಬುದು ವಂಚಕ. ನಮ್ಮ ಸೀಮೆಯ ವರ್ಷದ ಮಳೆಯನ್ನು 365 ದಿನಗಳಿಗೆ ಹಂಚಿ ನೋಡಿದರೆ ಆಟಿ ತಿಂಗಳಿನಲ್ಲಿ ಕೊಡೆಯೇ ಬೇಡವೆಂದು ತೋರೀತು!

2011ರಲ್ಲಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಒಂದು ಹೊಸ ಸೌಕರ್ಯ ಬಂತು. ಓದುಗನ ಯಂತ್ರದಲ್ಲಿ ಕನ್ನಡದ ಫಾಂಟು ಇಲ್ಲದಿದ್ದರೂ ಪುಟದ ಜೊತೆಗೆ ಫಾಂಟನ್ನೂ ಕಳುಹಿಸುವ ವ್ಯವಸ್ಥೆ ಅದು. ಬರೆಯಲು ಕೀಲಿಮಣೆಗಳೂ ಪುಟದೊಳಗೇ ದೊರೆತುವು; ಕೆ. ಪಿ. ರಾವ್ ಅವರ ಕ್ರಮವೂ ಅವುಗಳಲ್ಲಿ ಸೇರಿದೆ. ಆ ಕಾಲದ ಎಷ್ಟೋ ಫೋನುಗಳಲ್ಲಿ, ಬಾಡಿಗೆಯ ಗಣಕಗಳಲ್ಲಿ ಕನ್ನಡವೆಂದರೆ ಸಾಲುಸಾಲು ಚೌಕಗಳು. ಪೇಟೆಯ ಅಂಗಡಿಯೊಂದರಲ್ಲಿ ನಾನು ಮೊದಲ ಬಾರಿ ಚೌಕಗಳ ಜಾಗದಲ್ಲಿ 'ವು' ಅಕ್ಷರ ಕೊಂಬನ್ನು ಸರಿಯಾಗಿ ಕೆಳಗಿಳಿಸಿಕೊಂಡು ನಿಂತುದನ್ನು ಕಂಡೆ. ನಿಜ ಹೇಳುತ್ತೇನೆ, ಆ ಪುಟದಲ್ಲಿ ಏನಿತ್ತೆಂಬುದು ನನಗೆ ನೆನಪಿಲ್ಲ, ಆ ಅಕ್ಷರ ಮಾತ್ರ ನೆನಪಿದೆ.

2013ರಲ್ಲಿ ಈ ಸೌಕರ್ಯವನ್ನು ದೊಡ್ಡದು ಮಾಡಿ ಎಲ್ಲ ವಿಕಿಪೀಡಿಯಗಳಿಗೂ ಹಬ್ಬಿಸಿದರು. ಅಳೆದು ನೋಡುವವರ ನಕ್ಷೆಗಳಲ್ಲಿ ಭಾರ ಕಾಣಿಸಿತು. ಫಾಂಟಿನ ಕಡತ ಹಗುರಾದುದಲ್ಲ; ಅದು ಬಂದು ಇಳಿಯುವವರೆಗೆ ಪುಟ ತಡೆಯುತ್ತದೆ. 2014ರ ಜನವರಿ 21ರಂದು ಇಡಿಯ ಸೌಕರ್ಯವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಮರಳಿ ಬಂದಾಗ ಫಾಂಟು ತಾನಾಗಿ ಬರುವುದು ನಿಂತಿತ್ತು, ಬೇಕಾದವರು ಆರಿಸಿಕೊಳ್ಳಬೇಕು.

ಅವರು ಮಾಡಿದುದು ತಪ್ಪೆಂದು ಹೇಳಲು ನಾನು ಸಿದ್ಧನಿಲ್ಲ. ಲೋಕದ ಕೋಟಿಗಟ್ಟಲೆ ಓದುಗರಿಗೆ ಪುಟ ತಡವಾದರೆ ಅದೂ ಅನ್ಯಾಯವೇ. ಆದರೆ ತಡವಾದುದನ್ನು ಅಳೆಯಲು ಗಡಿಯಾರವಿತ್ತು. ಚೌಕಗಳನ್ನು ಕಂಡು ಪುಟ ಮುಚ್ಚಿ ಎದ್ದುಹೋದವನನ್ನು ಅಳೆಯಲು ಯಾವುದೂ ಇರಲಿಲ್ಲ. ಅವನ ಪುಟವಾದರೋ ಬಹಳ ಬೇಗನೆ ತೆರೆದಿತ್ತು! ಓದಲಾಗದ ಪುಟವೂ ನಕ್ಷೆಯಲ್ಲಿ ವೇಗದ ಪುಟವೆಂದೇ ಲೆಕ್ಕ. ಸೌಕರ್ಯ ಬೇಕೆಂದು ಆರಿಸಲು ಒತ್ತಬೇಕಾದ ಗುಂಡಿಯ ಮೇಲಿನ ಹೆಸರನ್ನೂ ಆತನು ಓದಲಾರ.

ಸಣ್ಣ ಭಾಷೆಯವರಿಗೆ ಇನ್ನೊಂದು ಬಗೆಯ ಕಷ್ಟವೂ ಉಂಟು. ಮಾಹಿತಿಚೌಕ, ಉಲ್ಲೇಖ ಮೊದಲಾದುವುಗಳ ಮಾದರಿಗಳು ಬಹಳ ಜಟಿಲವಾಗಿ ಪುಟಗಳು ನಿಧಾನವಾದುದರಿಂದ, 2013ರಲ್ಲಿ ಅವನ್ನು ಲುವಾ ಎಂಬ ಚುರುಕಾದ ಕ್ರಮವಿಧಿ ಭಾಷೆಯಲ್ಲಿ ಬರೆಯಲು ಅವಕಾಶ ಮಾಡಿಕೊಟ್ಟರು. ಕನ್ನಡದವರು ಹೆಚ್ಚಾಗಿ ಇಂಗ್ಲಿಷಿನ ಮಾದರಿಗಳನ್ನು ನಕಲಿಸಿ ತಂದವರು. ಅಲ್ಲಿಯವರು ಮೂಲವನ್ನು ತಿದ್ದುತ್ತಲೇ ಇರುತ್ತಾರೆ. ಇಲ್ಲಿಯ ನಕಲು ಹಾಗೆಯೇ ಕುಳಿತಿರುತ್ತದೆ. ಒಂದು ತುಂಡನ್ನು ಹೊಸದಾಗಿ ತಂದರೆ ಅದು ಹಳೆಯ ತುಂಡಿಗೆ ಹೊಂದದೆ ಪುಟದಲ್ಲಿ ಕೆಂಪಕ್ಷರದ ದೋಷ ಮೂಡುತ್ತದೆ. ಅದನ್ನು ಸರಿಪಡಿಸಲು ಬಲ್ಲವರು ಬೆರಳೆಣಿಕೆಯ ಮಂದಿ, ಅವರೂ ಉದ್ಯೋಗ ಮುಗಿಸಿ ರಾತ್ರಿ ಕುಳಿತುಕೊಳ್ಳುವವರು.

ತುಳು ವಿಕಿಪೀಡಿಯ ವರ್ಷಗಟ್ಟಲೆ ಉಮೇದುವಾರಿ ಮಾಡಿ 2016ರ ಆಗಸ್ಟಿನಲ್ಲಿ ಸ್ವತಂತ್ರವಾಯಿತು. ಅದೂ ಕನ್ನಡ ಲಿಪಿಯಲ್ಲಿಯೇ ನಡೆಯುತ್ತದೆ; ಗುರುವಾರದ ರೈಲು ಅದಕ್ಕೂ ಬರುತ್ತದೆ. ಈಗ ಫೋನುಗಳಲ್ಲಿ ಕನ್ನಡದ ಫಾಂಟು ಹುಟ್ಟಿನಿಂದಲೇ ಇರುವುದರಿಂದ 2014ರ ಆ ಚರ್ಚೆಯ ಬಿಸಿ ಆರಿಹೋಗಿದೆ. ಬಸ್ಸಿಗೆ ಕಾಯುವ ಹುಡುಗರು ವಾಮದಪದವು ಎಂದು ಕ್ಷಣಾರ್ಧದಲ್ಲಿ ಬರೆದು ಕಳುಹಿಸುತ್ತಾರೆ. ಕೊಂಬು ಎಲ್ಲಿಗೆ ಹೋಯಿತೆಂದು ಯಾರೂ ನೋಡುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿ ಹೊರಬಿತ್ತು. ಅದರಲ್ಲಿ ತುಳು-ತಿಗಳಾರಿ ಲಿಪಿಯ 80 ಸಂಕೇತಗಳು ಸೇರಿವೆ. ಸುದ್ದಿ ಓದಿದ ದಿನ ನಾನು ಆ ಪಟ್ಟಿಯನ್ನು ಫೋನಿನಲ್ಲಿ ತೆರೆದೆ. ಪುಟ ಬೇಗನೆ ಬಂತು. ಎಂಬತ್ತೂ ಚೌಕಗಳಾಗಿದ್ದುವು.