ಬಯಲಾಟದ ಬೆಳಕಿನಲ್ಲಿ ಸೀರಿಯಂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಿಗೆ ವಿದ್ಯುತ್ ಬರುವ ಮುನ್ನ, ಬೆಳತನಕ ನಡೆಯುತ್ತಿದ್ದ ಬಯಲಾಟಗಳಿಗೆ ಗ್ಯಾಸ್‌ಲೈಟೇ ಆಧಾರ. ದೀಪ ಮಂಕಾಯಿತೆಂದರೆ ಭೀಮನ ಆರ್ಭಟಕ್ಕೂ ಕಳೆಯಿಲ್ಲ. ಪಂಪು ಹೊಡೆದು ಗಾಳಿ ತುಂಬಿದ ಮೇಲೆಯೇ ಆಟಕ್ಕೆ ಮತ್ತೆ ರಂಗು. ಮದುವೆ ಮೆರವಣಿಗೆಗಳಲ್ಲಿ ಇದೇ ದೀಪಗಳನ್ನು ತಲೆಯ ಮೇಲೆ ಹೊತ್ತು ನಡೆಯುವವರಿದ್ದರು.

ಅಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ನಿಜ. ಆದರೆ ಬೆಳಗುತ್ತಿದ್ದುದು ಮ್ಯಾಂಟಲ್ ಎಂಬ ಪುಟ್ಟ ಬಲೆಚೀಲ. ಅದರ ಗುಟ್ಟು ಸೀರಿಯಂ ಎಂಬ ವಿರಳ ಭೂಲೋಹದಲ್ಲಿದೆ.

ಸೀರಿಯಂ 1803ರಲ್ಲಿ ಸ್ವೀಡನ್ ಹಾಗೂ ಜರ್ಮನಿಗಳಲ್ಲಿ ಬೇರೆ ಬೇರೆಯಾಗಿ ಪತ್ತೆಯಾಯಿತು. ಎರಡು ವರ್ಷ ಮೊದಲು ಕಂಡಿದ್ದ ಸೀರಿಸ್ ಎಂಬ ಕ್ಷುದ್ರಗ್ರಹದ ಹೆಸರನ್ನೇ ಇದಕ್ಕೆ ಇಟ್ಟರು. ಬೂದುಬಣ್ಣದ ಈ ಲೋಹ ಚಾಕುವಿನಿಂದ ಕೊಯ್ಯುವಷ್ಟು ಮೆದು. ಗಾಳಿಗೆ ಇಟ್ಟರೆ ಬೇಗ ಮಾಸುತ್ತದೆ. 'ವಿರಳ' ಎಂಬ ಬಿರುದು ಮಾತ್ರ ಇದಕ್ಕೆ ಒಪ್ಪದು. ಭೂಮಿಯ ಚಿಪ್ಪಿನಲ್ಲಿ ಇದು ಹೆಚ್ಚು ಕಡಿಮೆ ತಾಮ್ರದಷ್ಟೇ ಇದೆ, ಸೀಸಕ್ಕಿಂತ ಹೆಚ್ಚು. ಇತರ ಲೋಹಗಳಿಂದ ಬಿಡಿಸಿ ತೆಗೆಯುವುದೇ ಕಷ್ಟ.

ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಕಾರ್ಲ್ ಔಯರ್ 1885ರಲ್ಲಿ ತಯಾರಿಸಿದ ಮೊದಲ ಮ್ಯಾಂಟಲ್ ಹಸಿರು ಛಾಯೆಯ ಬೆಳಕು ಕೊಟ್ಟಿತು, ಜನ ಮೆಚ್ಚಲಿಲ್ಲ. 1891ರಲ್ಲಿ ಆತ ಶೇ 99 ಥೋರಿಯಂ ಆಕ್ಸೈಡಿಗೆ ಶೇ 1ರಷ್ಟು ಸೀರಿಯಂ ಆಕ್ಸೈಡ್ ಬೆರೆಸಿದ. ಥೋರಿಯಂ ಒಂದೇ ಇದ್ದರೆ ಬೆಳಕು ಕ್ಷೀಣ, ಸೀರಿಯಂ ಹೆಚ್ಚಾದರೂ ಬೆಳಕು ಇಳಿಯುತ್ತದೆ. ಅಡುಗೆಗೆ ಉಪ್ಪಿನ ಹದವಿದ್ದಂತೆ ಇದೂ. ಈ ಲವಣಗಳಲ್ಲಿ ನೆನೆಸಿದ ಬಟ್ಟೆ ಮೊದಲ ಸಲ ಹಚ್ಚಿದಾಗಲೇ ಸುಟ್ಟುಹೋಗುತ್ತದೆ. ಉಳಿಯುವುದು ಆಕ್ಸೈಡುಗಳ ಬೂದಿಯ ಗೂಡು. ಬೆರಳು ತಾಗಿದರೂ ಉದುರುವ ಆ ಗೂಡೇ ಕಾದು ಬೆಳ್ಳಗೆ ಹೊಳೆಯುತ್ತದೆ. ಹಚ್ಚಿದ ದೀಪವನ್ನು ಕುಲುಕದಂತೆ ಒಯ್ಯುತ್ತಿದ್ದುದು ಅದಕ್ಕಾಗಿಯೇ.

ಈ ಎರಡೂ ಲೋಹಗಳ ಮೂಲ ಮೊನಾಜೈಟ್ ಮರಳು. 1909ರಲ್ಲಿ ಜರ್ಮನಿಯ ಷೋಂಬರ್ಗ್ ಅದನ್ನು ತಿರುವಾಂಕೂರು ಸಂಸ್ಥಾನದ ಮನವಾಳಕುರಿಚ್ಚಿ ಕಡಲತೀರದಲ್ಲಿ ಗುರುತಿಸಿದ. ತೆಂಗಿನ ನಾರಿಗೆ ಅಂಟಿ ಬಂದ ಮರಳಿನ ಕಣಗಳೇ ಅವನಿಗೆ ಸುಳಿವು ನೀಡಿದ್ದವು. ಅಲ್ಲಿಂದ ನಮ್ಮ ಮರಳು ಹಡಗೇರಿ ಯುರೋಪಿನ ಮ್ಯಾಂಟಲ್ ಕಾರ್ಖಾನೆಗಳಿಗೆ ಹೋಯಿತು. ಸ್ವಾತಂತ್ರ್ಯಾನಂತರ, 1950ರಲ್ಲಿ, ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಹುಟ್ಟಿತು. 1952ರಲ್ಲಿ ಕೇರಳದ ಆಲುವಾದಲ್ಲಿ ಮೊನಾಜೈಟ್ ಸಂಸ್ಕರಣೆ ಶುರುವಾಯಿತು.

ಸೀರಿಯಂನ ಇನ್ನೊಂದು ಗುಣ ಕಿಡಿ ಕಾರುವುದು. ಕಬ್ಬಿಣದೊಡನೆ ಬೆರೆಸಿದ ಅದರ ಮಿಶ್ರಲೋಹವನ್ನು ಗೀರಿದರೆ ಕಿಡಿ ಹಾರುತ್ತದೆ. ಬೀಡಿ ಸೇದುವವರ ಲೈಟರಿನ ಕಲ್ಲು ಇದೇ, ಔಯರನದೇ ಶೋಧ. ಕನ್ನಡಿ, ಮಸೂರಗಳಿಗೆ ಹೊಳಪು ಕೊಡುವ ಪುಡಿಯಾಗಿ, ಮೋಟಾರು ವಾಹನಗಳ ಹೊಗೆ ಶುದ್ಧಿಗೊಳಿಸುವ ಸಾಧನದಲ್ಲಿಯೂ ಇದು ದುಡಿಯುತ್ತಿದೆ.

ಥೋರಿಯಂ ವಿಕಿರಣ ಸೂಸುವ ಧಾತು. ಹಳೆಯ ಮ್ಯಾಂಟಲ್ ಒಡೆದಾಗ ಆ ಬೂದಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವುದು ಒಳ್ಳೆಯದಲ್ಲ. ಅದಕ್ಕಾಗಿ ಅನೇಕ ತಯಾರಕರು ಈಗ ಥೋರಿಯಂ ಬದಲು ಯಿಟ್ರಿಯಂ ಬಳಸುತ್ತಾರೆ. ಅದೂ ವಿರಳ ಭೂಲೋಹಗಳ ಬಳಗದ್ದೇ.