ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು, ನಾನ್‌ಖಟಾಯಿ: ಕರಾವಳಿಯ ಗೃಹೋದ್ಯಮಕ್ಕೆ ಯಾವುದು ಸೂಕ್ತ?

ಉಡುಪಿ, ಕಾಪು ಮತ್ತು ಕಾರ್ಕಳ ತಾಲ್ಲೂಕುಗಳ ಹೈನುಗಾರ ಕುಟುಂಬಗಳು ಮನೆಯ ಬೆಣ್ಣೆಯನ್ನು ಹಾಗೆಯೇ ಮಾರುವ ಬದಲು ಬಿಸ್ಕತ್ತು ಮಾಡಿ ಮಾರಲು ಅವಕಾಶವಿದೆ. ವಿದ್ಯಾರ್ಥಿಗಳಿಂದ ತುಂಬಿರುವ ಮಣಿಪಾಲವೇ ಹತ್ತಿರದ ಮಾರುಕಟ್ಟೆ. ಆದರೆ ವರ್ಷಕ್ಕೆ 4000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಪ್ರದೇಶದಲ್ಲಿ ಬಿಸ್ಕತ್ತಿನ ಲಾಭನಷ್ಟವನ್ನು ರುಚಿಗಿಂತ ಹೆಚ್ಚಾಗಿ ತೇವಾಂಶವೇ ನಿರ್ಧರಿಸುತ್ತದೆ.

ಮಾರುಕಟ್ಟೆಯ ಬೆಣ್ಣೆಯಲ್ಲಿ ಕನಿಷ್ಠ ಶೇ. 80ರಷ್ಟು ಹಾಲಿನ ಕೊಬ್ಬು ಇರಬೇಕು, ನೀರು ಶೇ. 16ನ್ನು ಮೀರಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಮತ್ತು ಮಜ್ಜಿಗೆಯ ಅಂಶ ಇದಕ್ಕಿಂತ ಹೆಚ್ಚಿರಬಹುದು. ಈ ನೀರು ಮೈದಾದ ಗ್ಲುಟೆನ್ ಅನ್ನು ಬಲಪಡಿಸುವುದರಿಂದ ಬಿಸ್ಕತ್ತು ಪುಡಿಪುಡಿಯಾಗದೆ ಗಟ್ಟಿಯಾಗುತ್ತದೆ. ಪರೀಕ್ಷೆ ಸುಲಭ: 100 ಗ್ರಾಂ ಬೆಣ್ಣೆಯನ್ನು ಕಾಯಿಸಿ, ಸೋಸಿ, ತುಪ್ಪವನ್ನು ತೂಗಬೇಕು. 75 ಗ್ರಾಂಗಿಂತ ಕಡಿಮೆ ಬಂದರೆ ಆ ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಚೆನ್ನಾಗಿ ಹಿಂಡಿ ಬಳಸುವುದು ಅಗತ್ಯ.

ಬೆಣ್ಣೆ ಬಿಸ್ಕತ್ತಿಗೆ ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ ಪುಡಿ ಸಾಕು. ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್‌ನ ಅಳತೆಯೂ ಇದೇ. ಖಾರಾ ಬಿಸ್ಕತ್ತಿಗೆ ಮೊಸರು, ಹಸಿಮೆಣಸು, ಕರಿಬೇವು ಸೇರುವುದರಿಂದ ಹಿಟ್ಟಿನಲ್ಲಿ ನೀರು ಹೆಚ್ಚು. ಉರಿ ತಗ್ಗಿಸಿ ಹೆಚ್ಚು ಹೊತ್ತು ಒಣಗಿಸದಿದ್ದರೆ ಬೇಗನೆ ಮೆತ್ತಗಾಗುತ್ತದೆ. ಸೂರತ್ತಿನ ಹೆಸರಿನೊಂದಿಗೆ ಬೆಸೆದುಕೊಂಡಿರುವ ನಾನ್‌ಖಟಾಯಿಗೆ ತುಪ್ಪವೇ ಆಧಾರ. 100 ಗ್ರಾಂ ಮೈದಾ, 25 ಗ್ರಾಂ ಕಡಲೆಹಿಟ್ಟು, 70 ಗ್ರಾಂ ಸಕ್ಕರೆ ಪುಡಿ, 80 ಗ್ರಾಂ ತುಪ್ಪ, ಚಿಟಿಕೆ ಸೋಡಾ ಮತ್ತು ಏಲಕ್ಕಿ ಸೇರಿಸಿ, ನೀರು ಹಾಕದೆ ಉಂಡೆ ಕಟ್ಟಿ, 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು.

ಹೊಸದಾಗಿ ಆರಂಭಿಸುವ ಸ್ವಸಹಾಯ ಗುಂಪುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನ್‌ಖಟಾಯಿಯನ್ನೇ ಆಯ್ದುಕೊಳ್ಳುವುದು ಲೇಸು. ಉಳಿದೆರಡನ್ನು ಮಳೆಗಾಲದಲ್ಲಿ ಅಂದಂದಿನ ಬೇಡಿಕೆಗೆ ತಕ್ಕಷ್ಟೇ ತಯಾರಿಸಬೇಕು. ಯಾವುದೇ ಬಿಸ್ಕತ್ತನ್ನು ಪೂರ್ಣ ತಣಿದ ಬಳಿಕವೇ ಗಾಳಿಯಾಡದ ಡಬ್ಬಿಗೆ ತುಂಬತಕ್ಕದ್ದು. ತೆಳು ಪ್ಲಾಸ್ಟಿಕ್ ಚೀಲ ಕಾಪುವಿನ ಕಡಲಗಾಳಿಯನ್ನು ತಡೆಯಲಾರದು.

ಖರ್ಚು ತಗ್ಗಿಸಲು ವನಸ್ಪತಿ ಬೆರೆಸಿ ‘ಬೆಣ್ಣೆ ಬಿಸ್ಕತ್ತು’ ಎಂದು ಮಾರುವ ರೂಢಿ ಕೆಲವೆಡೆ ಇದೆ. ಇದು ಗ್ರಾಹಕರಿಗೆ ಮಾಡುವ ವಂಚನೆ. ಹೈನುಗಾರರಿಗಿರುವ ಏಕೈಕ ಅನುಕೂಲವನ್ನೂ ಕೈಬಿಟ್ಟಂತೆ. ಬಳಸಿದ ಕೊಬ್ಬಿನ ಹೆಸರು, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ ಮತ್ತು ಆಹಾರ ಸುರಕ್ಷತಾ ನೋಂದಣಿ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಮಾರಾಟಕ್ಕೆ ಮುನ್ನವೇ ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯ.